ಜಾಜ್ ಕೇಳಲು ಹೊರಟಿರುವ ಕನ್ನಡದ ಯುವಜನರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಯುವ ಕೇಳುಗರೇ,



ಜಾಜ್ ಸಂಗೀತ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ, ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಕಾಲಿಡುತ್ತಿದ್ದ ಹೊತ್ತಿನಲ್ಲಿ. ಗುಲಾಮಗಿರಿಯ ಕಾಲದಲ್ಲಿ ಆಫ್ರಿಕಾ ಮೂಲದವರು ಭಾನುವಾರಗಳಂದು ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಸೇರಿ ಡೋಲು ಬಡಿದು ಕುಣಿಯುತ್ತಿದ್ದ ಊರು ಅದು. ಬಿಡುಗಡೆಯ ನಂತರ ಅವರ ಮಕ್ಕಳು ಮೊಮ್ಮಕ್ಕಳು ಕಾರ್ನೆಟ್, ಕ್ಲಾರಿನೆಟ್, ಟ್ರಂಬೋನ್ ಹಿಡಿದು ಬ್ಯಾಂಡ್ ಕಟ್ಟಿದರು. ಮೆರವಣಿಗೆಗೂ ಬ್ಯಾಂಡ್ ಬೇಕು, ಕುಣಿತಕ್ಕೂ ಬೇಕು, ಶವಯಾತ್ರೆಗೂ ಬೇಕು. ಸ್ಮಶಾನಕ್ಕೆ ಹೋಗುವಾಗ ನಿಧಾನದ ಶೋಕಗೀತೆ, ಮಣ್ಣು ಮಾಡಿ ಹಿಂದಿರುಗುವಾಗ ಬೀದಿಯವರನ್ನೆಲ್ಲ ಕುಣಿಸುವ ಚುರುಕು ನಡೆ. ಈ ಸಂಗೀತದ ಮೊದಲ ದೊಡ್ಡ ಹೆಸರು ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ ಅವರದು. 1877ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಅವರ ವಾದನದ ಒಂದು ಮುದ್ರಿಕೆಯೂ ಉಳಿದಿಲ್ಲ. ಆದರೆ ಎಲ್ಲಿ ನುಡಿಸುತ್ತಿದ್ದರೆಂಬುದು ಗೊತ್ತು. ಲಿಂಕನ್ ಪಾರ್ಕ್ ಮತ್ತು ಜಾನ್ಸನ್ ಪಾರ್ಕ್ ಎಂಬ ಅಕ್ಕಪಕ್ಕದ ಎರಡು ವಿಹಾರಸ್ಥಳಗಳಲ್ಲಿ ಒಂದಕ್ಕೆ ಜನ ಬಲೂನ್ ಹಾರಾಟ ನೋಡಲು ಬರುತ್ತಿದ್ದರು, ಇನ್ನೊಂದಕ್ಕೆ ಬೇಸ್‌ಬಾಲ್ ಪಂದ್ಯ ನೋಡಲು. ಹಾಗೆ ಬಂದವರೇ ಜಾಜ್‌ನ ಮೊದಲ ಶ್ರೋತೃಗಳು.

ಈ ಸಂಗತಿಯನ್ನು ಮೊದಲೇ ಹೇಳಲು ಕಾರಣವಿದೆ. ನಮ್ಮಲ್ಲಿ ಜಾಜ್ ಎಂದೊಡನೆ ದುಬಾರಿ ಹೋಟೆಲಿನ ಮಂದ ಬೆಳಕು ಕಣ್ಣ ಮುಂದೆ ಬರುತ್ತದೆ. ಇಲ್ಲವೇ, ಕೇಳಲೇಬೇಕಾದ ನೂರು ಆಲ್ಬಂಗಳ ಪಟ್ಟಿ ಹಿಡಿದು ಪಾಠ ಒಪ್ಪಿಸುವವರ ಗಾಂಭೀರ್ಯ. ಎರಡೂ ಹೊಸಬರನ್ನು ದೂರ ಸರಿಸುತ್ತವೆ. ಜಾಜ್ ನಿಜವಾಗಿ ಬೆಳೆದದ್ದು ಆಟ ನೋಡುವ, ಸಿನಿಮಾಕ್ಕೆ ಹೋಗುವ, ರಾತ್ರಿಯಿಡೀ ಕುಣಿಯುವ ಸಾಮಾನ್ಯ ಜನರ ನಡುವೆ. ಅದನ್ನು ನುಡಿಸಿದವರೂ ಅದೇ ಜನ. ನೀವು ಕ್ರಿಕೆಟ್ ನೋಡುವವರಾದರೆ, ಚಿತ್ರಗೀತೆ ಗುನುಗುವವರಾದರೆ, ಆ ಅಭಿರುಚಿಗಳನ್ನು ಬಾಗಿಲಾಚೆ ಬಿಟ್ಟು ಜಾಜ್‌ನ ಒಳಗೆ ಬರಬೇಕಾಗಿಲ್ಲ. ಜೊತೆಗೇ ತನ್ನಿ ಎಂಬುದು ಈ ಪತ್ರದ ಕೋರಿಕೆ.

ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಬದುಕನ್ನೇ ನೋಡಿ. 1901ರಲ್ಲಿ ನ್ಯೂ ಆರ್ಲಿಯನ್ಸ್‌ನ ಕಡು ಬಡತನದಲ್ಲಿ ಹುಟ್ಟಿದ ಹುಡುಗ ಹೊಸ ವರ್ಷದ ಸಂಭ್ರಮದಲ್ಲಿ ಬೀದಿಯಲ್ಲಿ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದ. ಅವನನ್ನು ಕಳಿಸಿದ ಬಾಲಾಶ್ರಮದ ಬ್ಯಾಂಡಿನಲ್ಲೇ ಕಾರ್ನೆಟ್ ಕೈಗೆ ಬಂತು. 1920ರ ದಶಕದ ಕೊನೆಯ ಹೊತ್ತಿಗೆ ಜಾಜ್‌ನ ಏಕವಾದನದ ವ್ಯಾಕರಣವನ್ನೇ ಅವರು ಬದಲಿಸಿಬಿಟ್ಟಿದ್ದರು. 1931ರಲ್ಲಿ ಹೆಸರುವಾಸಿಯಾಗಿ ಹುಟ್ಟೂರಿಗೆ ಮರಳಿದಾಗ ಅವರು ಮಾಡಿದ ಕೆಲಸಗಳಲ್ಲಿ ಒಂದು, ಸ್ಥಳೀಯ ಹುಡುಗರ ಬೇಸ್‌ಬಾಲ್ ತಂಡವೊಂದಕ್ಕೆ ಸಮವಸ್ತ್ರ ಹೊಲಿಸಿಕೊಟ್ಟದ್ದು. ತಂಡದ ಹೆಸರು ಆರ್ಮ್‌ಸ್ಟ್ರಾಂಗ್ಸ್ ಸೀಕ್ರೆಟ್ ನೈನ್. ಬಿಳಿ ಉಡುಪಿನ ಆಟಗಾರರ ಜೊತೆ ಅವರು ನಿಂತಿರುವ ಚಿತ್ರ ಇಂದಿಗೂ ಉಳಿದಿದೆ. 1943ರಿಂದ ಕೊನೆಯವರೆಗೂ ಅವರು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕರೋನಾ ಬಡಾವಣೆಯ ಸಾಧಾರಣ ಮನೆಯಲ್ಲಿದ್ದರು. ಅಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಾಡು, ಹರಟೆ, ನಗೆಮಾತು ಎಲ್ಲವನ್ನೂ ಮುದ್ರಿಸುತ್ತಿದ್ದರು. ಟೇಪಿನ ಪೆಟ್ಟಿಗೆಗಳಿಗೆ ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ತಾವೇ ಅಂಟಿಸುತ್ತಿದ್ದರು. ಆ ಮನೆ ಈಗ ವಸ್ತುಸಂಗ್ರಹಾಲಯ. ಅಮೆರಿಕನ್ ಓಪನ್ ಟೆನಿಸ್ ನೋಡುವ ನಿಮ್ಮಲ್ಲಿ ಹಲವರು ಲೂಯಿ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂ ಎಂಬ ಹೆಸರನ್ನು ಕೇಳಿಯೇ ಇರುತ್ತೀರಿ. ಆ ಅಂಗಳ ಇರುವುದು ಅವರ ಮನೆಗೆ ಹತ್ತಿರದ ಉದ್ಯಾನದಲ್ಲಿ. 1997ರಲ್ಲಿ ಆರ್ಥರ್ ಆಶ್ ಸ್ಟೇಡಿಯಂ ತೆರೆಯುವವರೆಗೂ ಟೂರ್ನಿಯ ಮುಖ್ಯ ಅಂಗಳ ಅದೇ ಆಗಿತ್ತು.

ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ ಆಟ ಮತ್ತು ಸಂಗೀತದ ನಂಟು ಇನ್ನೂ ಬಿಗಿಯಾದದ್ದು. ವರ್ಣಭೇದದ ಕಾಲದಲ್ಲಿ ಕಪ್ಪು ಆಟಗಾರರಿಗೆ ಬೇಸ್‌ಬಾಲ್‌ನ ಮುಖ್ಯ ಲೀಗುಗಳ ಬಾಗಿಲು ಮುಚ್ಚಿತ್ತು. 1920ರಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳತ್ವದಲ್ಲಿ ಇದೇ ಊರಿನಲ್ಲಿ ಸಭೆ ಸೇರಿ ಕಪ್ಪು ಜನರ ಪ್ರತ್ಯೇಕ ಲೀಗ್ ಸ್ಥಾಪನೆಯಾಯಿತು. ಊರಿನ ತಂಡ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್. ಬಿಳಿಯರ ಹೋಟೆಲುಗಳಲ್ಲಿ ಕೋಣೆ ಸಿಗದ ಆಟಗಾರರೂ ವಾದಕರೂ ಹದಿನೆಂಟನೆಯ ಬೀದಿ ಮತ್ತು ವೈನ್ ಬೀದಿ ಕೂಡುವ ಕಡೆಯ ಅವೇ ವಸತಿಗೃಹಗಳಲ್ಲಿ ಇಳಿದುಕೊಳ್ಳುತ್ತಿದ್ದರು, ಅವೇ ಊಟದ ಮನೆಗಳಲ್ಲಿ ಉಣ್ಣುತ್ತಿದ್ದರು. ಹಗಲು ವಾದಕರು ಪಂದ್ಯಕ್ಕೆ ಹೋದರೆ ರಾತ್ರಿ ಆಟಗಾರರು ಕ್ಲಬ್ಬಿಗೆ ಬರುತ್ತಿದ್ದರು. ಕೌಂಟ್ ಬೇಸಿ ಅವರ ಬ್ಯಾಂಡ್ ರೂಪುಗೊಂಡದ್ದು ಈ ಊರಿನ ರೆನೊ ಕ್ಲಬ್ಬಿನಲ್ಲಿ. ಚಾರ್ಲಿ ಪಾರ್ಕರ್ ಎಂಬ ಹದಿಹರೆಯದ ಹುಡುಗ ಸ್ಯಾಕ್ಸೋಫೋನ್ ಕಲಿತದ್ದೂ ಈ ಊರಿನ ರಾತ್ರಿಗಳಲ್ಲೇ. ಇಂದು ಅದೇ ಜಾಗದಲ್ಲಿ ಅಮೆರಿಕನ್ ಜಾಜ್ ವಸ್ತುಸಂಗ್ರಹಾಲಯವೂ ನೀಗ್ರೊ ಲೀಗುಗಳ ಬೇಸ್‌ಬಾಲ್ ವಸ್ತುಸಂಗ್ರಹಾಲಯವೂ ಒಂದೇ ಕಟ್ಟಡದಲ್ಲಿವೆ. ಎರಡು ಇತಿಹಾಸಗಳನ್ನು ಹೀಗೆ ಒಂದೇ ಸೂರಿನಡಿ ಇಟ್ಟದ್ದು ಬಹಳ ಸರಿಯಾದ ತೀರ್ಮಾನ.

ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಒಂದೇ ಮರದ ನೆಲ ಎರಡಕ್ಕೂ ಸಾಕಾಗುತ್ತಿತ್ತು. ಅಲ್ಲಿನ ರೆನೆಸಾನ್ಸ್ ನೃತ್ಯಶಾಲೆಯನ್ನು ತವರಂಗಳ ಮಾಡಿಕೊಂಡು 1923ರಲ್ಲಿ ಬಾಬ್ ಡಗ್ಲಸ್ ಒಂದು ಬಾಸ್ಕೆಟ್‌ಬಾಲ್ ತಂಡ ಕಟ್ಟಿದರು. ಜನರ ಬಾಯಲ್ಲಿ ಅದು ರೆನ್ಸ್. ಪಂದ್ಯ ಮುಗಿದ ಮೇಲೆ ಬ್ಯಾಂಡ್ ನುಡಿಸಲು ಶುರು. ಆಟ ನೋಡಿದ ಜನ ಅದೇ ನೆಲದ ಮೇಲೆ ಕುಣಿಯುತ್ತಿದ್ದರು. ಒಂದೇ ಟಿಕೆಟ್ಟಿಗೆ ಎರಡೂ. 1939ರಲ್ಲಿ ಷಿಕಾಗೊದಲ್ಲಿ ನಡೆದ ಮೊದಲ ವಿಶ್ವ ವೃತ್ತಿಪರ ಬಾಸ್ಕೆಟ್‌ಬಾಲ್ ಟೂರ್ನಿಯನ್ನು ಗೆದ್ದವರು ಈ ರೆನ್ಸ್. ಹಾರ್ಲೆಮ್‌ನ ಇನ್ನೊಂದು ನೃತ್ಯಶಾಲೆ ಸವಾಯ್, 1926ರಲ್ಲಿ ತೆರೆದದ್ದು. ಅಲ್ಲಿ ಎರಡು ಬ್ಯಾಂಡುಗಳನ್ನು ಎದುರುಬದುರು ಕೂರಿಸಿ ಸ್ಪರ್ಧೆಗೆ ಬಿಡುತ್ತಿದ್ದರು. 1937ರ ಮೇ ತಿಂಗಳಲ್ಲಿ ಸವಾಯ್‌ನ ಮನೆಮಗನಂತಿದ್ದ ಡ್ರಮ್ಸ್ ವಾದಕ ಚಿಕ್ ವೆಬ್ ಅವರ ಬ್ಯಾಂಡಿಗೂ, ಆಗ ದೇಶದಲ್ಲೇ ಅತಿ ಜನಪ್ರಿಯರಾಗಿದ್ದ ಬೆನ್ನಿ ಗುಡ್‌ಮನ್ ಅವರ ಬ್ಯಾಂಡಿಗೂ ನಡೆದ ಪಂದ್ಯದ ಕಥೆಯನ್ನು ಜಾಜ್ ರಸಿಕರು ಇಂದಿಗೂ ಫೈನಲ್ ಪಂದ್ಯದ ವಿವರಣೆಯಂತೆ ಹೇಳುತ್ತಾರೆ. ಗೆದ್ದವರು ಚಿಕ್ ವೆಬ್. ನಮ್ಮ ಜೋಡಾಟದ ಯಕ್ಷಗಾನ ಕಂಡವರಿಗೆ ಆ ರಾತ್ರಿಯ ಕಾವನ್ನು ಊಹಿಸುವುದು ಕಷ್ಟವಲ್ಲ.

1947ರ ಏಪ್ರಿಲ್ 15ರಂದು ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ತಂಡದ ಪರ ಮೈದಾನಕ್ಕಿಳಿದಾಗ ಬೇಸ್‌ಬಾಲ್‌ನ ಮುಖ್ಯ ಲೀಗುಗಳ ವರ್ಣಗೋಡೆ ಒಡೆಯಿತು. ಎರಡು ವರ್ಷಗಳಲ್ಲಿ ಅವರ ಬ್ಯಾಟಿಂಗನ್ನು ಕುರಿತೇ ಬಡ್ಡಿ ಜಾನ್ಸನ್ ಬರೆದ ಹಾಡು ಬಂತು. ಕೌಂಟ್ ಬೇಸಿ ಅದನ್ನು ನುಡಿಸಿ ಮನೆಮಾತಾಗಿಸಿದರು. ನಂಟು ಅಲ್ಲಿಗೆ ನಿಲ್ಲಲಿಲ್ಲ. ಆಟದಿಂದ ನಿವೃತ್ತರಾದ ಮೇಲೆ ಜಾಕಿ ಮತ್ತು ರೇಚಲ್ ರಾಬಿನ್ಸನ್ ದಂಪತಿ ಕನೆಕ್ಟಿಕಟ್ ರಾಜ್ಯದ ತಮ್ಮ ಮನೆಯ ಹಿತ್ತಲಿನಲ್ಲಿ 1963ರಿಂದ ಜಾಜ್ ಕಛೇರಿಗಳನ್ನು ಏರ್ಪಡಿಸತೊಡಗಿದರು. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಜೈಲು ಸೇರಿದವರ ಜಾಮೀನಿಗೆ ಹಣ ಕೂಡಿಸುವುದು ಅದರ ಉದ್ದೇಶ. ಆಟಗಾರನ ಅಂಗಳ, ವಾದಕರ ಸಂಗೀತ, ಹೋರಾಟಗಾರರ ಬಿಡುಗಡೆ: ಮೂರೂ ಒಂದೇ ಮಧ್ಯಾಹ್ನ ಒಟ್ಟಿಗೆ ಬಂದವು. ಜಾಜ್‌ನ ಪಕ್ಕದಲ್ಲಿ ಮೋಜು ಎಂಬ ಮಾತು ಬಂದಾಗ ಅದು ಹಗುರ ಸಂಗೀತವೆಂದು ಯಾರಾದರೂ ತಿಳಿದರೆ ಈ ಒಂದು ಉದಾಹರಣೆ ಸಾಕು.

ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಮೋಹ ಬಾಕ್ಸಿಂಗ್. ಬರಿಯ ನೋಟಕರಾಗಿ ಉಳಿಯದೆ ಜಿಮ್ಮಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದರು. ಹೆರಾಯಿನ್ ಚಟದಿಂದ ಹೊರಬರುವಾಗ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಅವರ ಶಿಸ್ತೇ ತಮಗೆ ಮಾದರಿಯಾಯಿತೆಂದು ಹೇಳಿಕೊಂಡಿದ್ದಾರೆ. 1908ರಲ್ಲಿ ವಿಶ್ವ ಹೆವಿವೇಟ್ ಪಟ್ಟ ಗೆದ್ದ ಮೊದಲ ಕಪ್ಪು ಬಾಕ್ಸರ್ ಜಾಕ್ ಜಾನ್ಸನ್ ಕುರಿತ ಸಾಕ್ಷ್ಯಚಿತ್ರಕ್ಕೆ ಡೇವಿಸ್ ಸಂಗೀತ ಕೊಟ್ಟರು. ಅದು 1971ರಲ್ಲಿ ಆಲ್ಬಂ ಆಗಿ ಬಂತು. ಒಂದೊಂದು ಬದಿಗೆ ಒಂದೇ ದೀರ್ಘ ಕೃತಿ. ಮೊದಲ ಬದಿಯ ಆರಂಭದಲ್ಲಿ ಗಿಟಾರ್ ಹಿಡಿದು ಮುನ್ನುಗ್ಗುವವರು ಜಾನ್ ಮೆಕ್‌ಲಾಲಿನ್. ಕೆಲವೇ ವರ್ಷಗಳ ನಂತರ ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟದ ಜೊತೆ ಶಕ್ತಿ ಎಂಬ ತಂಡ ಕಟ್ಟಿದವರು ಇವರೇ.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ದಾರಿಯಿದೆ. ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್ ಅವರ ತಾಯಿ ಕೆರಿಬಿಯನ್‌ನ ವರ್ಜಿನ್ ದ್ವೀಪಗಳವರು. ಆಕೆ ಹಾಡುತ್ತಿದ್ದ ಧಾಟಿಯನ್ನು ರಾಲಿನ್ಸ್ 1956ರಲ್ಲಿ ಸೇಂಟ್ ಥಾಮಸ್ ಎಂಬ ಕೃತಿಯಾಗಿ ಮುದ್ರಿಸಿದರು. ಅದರ ಕ್ಯಾಲಿಪ್ಸೊ ಎಂಬ ಕೆರಿಬಿಯನ್ ಲಯಕ್ಕೆ ಒಮ್ಮೆ ಕಾಲು ಹೊಂದಿಕೊಂಡರೆ, ವೆಸ್ಟ್ ಇಂಡೀಸಿನ ಗ್ಯಾಲರಿಗಳಿಂದ ಎದ್ದು ಬಂದ ಹಾಡುಗಳತ್ತ ಮನಸ್ಸು ತಾನಾಗಿ ಹೋಗುತ್ತದೆ. 1971ರಲ್ಲಿ ಅಜಿತ್ ವಾಡೇಕರ್ ನಾಯಕತ್ವದ ಭಾರತ ಅಲ್ಲಿ ಮೊದಲ ಬಾರಿಗೆ ಸರಣಿ ಗೆದ್ದಾಗ, ನಾಲ್ಕು ಟೆಸ್ಟುಗಳಲ್ಲಿ 774 ರನ್ ಹೊಡೆದ ಸುನಿಲ್ ಗಾವಸ್ಕರ್ ಮೇಲೆ ಟ್ರಿನಿಡಾಡಿನ ಲಾರ್ಡ್ ರಿಲೇಟರ್ ಕ್ಯಾಲಿಪ್ಸೊ ಕಟ್ಟಿ ಹಾಡಿದರು. ಆ ತಂಡದಲ್ಲಿ ನಮ್ಮ ಜಿ.ಆರ್. ವಿಶ್ವನಾಥ್ ಮತ್ತು ಪ್ರಸನ್ನ ಇದ್ದರು. ಸೋಲಿಸಿ ಹೋದ ಎದುರಾಳಿಯನ್ನು ಹಾಡಿ ಹೊಗಳುವ ಔದಾರ್ಯ ಆ ದ್ವೀಪಗಳದ್ದು. ಕ್ಯಾಲಿಪ್ಸೊ ಬೇರೆ, ಜಾಜ್ ಬೇರೆ, ನಿಜ. ಆದರೆ ರಾಲಿನ್ಸ್ ಕೈಯಲ್ಲಿ ಅವು ಹೇಗೆ ಕೂಡುತ್ತವೆಂಬುದನ್ನು ಕೇಳಿಯೇ ತಿಳಿಯಬೇಕು. ಅವರು 1959ರಿಂದ 1961ರವರೆಗೆ ಕಛೇರಿಗಳನ್ನು ಬಿಟ್ಟು ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಒಬ್ಬರೇ ನಿಂತು ಸಾಧನೆ ಮಾಡಿದ್ದನ್ನೂ, 1960ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯ ಪೊವಾಯಿಯ ಆಶ್ರಮಕ್ಕೆ ಬಂದು ತಂಗಿದ್ದನ್ನೂ ಇಲ್ಲಿ ನೆನೆಯಬಹುದು.

ಸಿನಿಮಾದ ವಿಷಯಕ್ಕೆ ಬಂದರೆ, 1957ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಸ್ಟುಡಿಯೊದಲ್ಲಿ ಮೈಲ್ಸ್ ಡೇವಿಸ್ ಮತ್ತು ಸಂಗಡಿಗರು ನಿರ್ದೇಶಕ ಲೂಯಿ ಮಾಲ್ ಅವರ ಚಿತ್ರದ ದೃಶ್ಯಗಳನ್ನು ಪರದೆಯ ಮೇಲೆ ನೋಡುತ್ತಲೇ ಒಂದೇ ರಾತ್ರಿಯಲ್ಲಿ ಅದರ ಸಂಗೀತವನ್ನು ನುಡಿಸಿ ಮುಗಿಸಿದರು. ಅಮೆರಿಕದ 1958ರ ನ್ಯೂಪೋರ್ಟ್ ಜಾಜ್ ಉತ್ಸವವನ್ನು ಚಿತ್ರೀಕರಿಸಿದ ಬರ್ಟ್ ಸ್ಟರ್ನ್ ವೇದಿಕೆಯಷ್ಟೇ ಪ್ರೀತಿಯಿಂದ ಕೇಳುಗರ ಮುಖಗಳನ್ನೂ, ಪಕ್ಕದ ಕಡಲಿನಲ್ಲಿ ನಡೆಯುತ್ತಿದ್ದ ಹಾಯಿದೋಣಿಗಳ ಓಟವನ್ನೂ ಸೆರೆಹಿಡಿದರು. ಒಂದೇ ಚಿತ್ರ ನೋಡುವಷ್ಟು ಬಿಡುವಿದ್ದರೆ, ಜಾಜ್ ಆನ್ ಎ ಸಮರ್ಸ್ ಡೇ ಎಂಬ ಹೆಸರಿನ ಅದನ್ನೇ ನೋಡಿ.

ನಮ್ಮ ದೇಶಕ್ಕೆ ಜಾಜ್ ಬಂದದ್ದೂ ಮನರಂಜನೆಯ ದಾರಿಯಲ್ಲೇ. 1930ರ ದಶಕದಲ್ಲಿ ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿ ಕಪ್ಪು ಅಮೆರಿಕನ್ ವಾದಕರು ನುಡಿಸಿದರು. ಅವರಲ್ಲೊಬ್ಬರಾದ ಪಿಯಾನೊ ವಾದಕ ಟೆಡ್ಡಿ ವೆದರ್‌ಫರ್ಡ್ ಮತ್ತೆ ತಮ್ಮ ನಾಡಿಗೆ ಮರಳಲಿಲ್ಲ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾಕ್ಕೆ ತುತ್ತಾದರು. ಅವರ ಜೊತೆಜೊತೆಗೆ ನುಡಿಸಿ ಕಲಿತ ಗೋವಾದ ವಾದಕರು ಮುಂದೆ ಹಿಂದಿ ಚಿತ್ರಗಳ ವಾದ್ಯಮೇಳಗಳಿಗೆ ಬಂದರು. ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ 1951ರ ಅಲ್ಬೇಲಾ ಚಿತ್ರದಲ್ಲಿ ತಮ್ಮ ತಂಡದೊಡನೆ ಪರದೆಯ ಮೇಲೂ ಕಾಣುತ್ತಾರೆ. ಆ ಚಿತ್ರದ ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಇಂಥ ನಿರ್ದೇಶಕರ ಬೆನ್ನ ಹಿಂದೆ ನಿಂತು ಸ್ವರಲಿಪಿ ಬರೆದ ಫ್ರಾಂಕ್ ಫರ್ನಾಂಡ್, ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್ ಅವರಂಥವರ ಹೆಸರುಗಳು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಇದೊಂದು ಅನ್ಯಾಯ. ಕನ್ನಡದಲ್ಲೂ ಜೇಡರ ಬಲೆಯಿಂದ ಮೊದಲಾದ ರಾಜ್‌ಕುಮಾರ್ ಅವರ ಪತ್ತೇದಾರಿ ಚಿತ್ರಗಳಲ್ಲಿ ಜಿ.ಕೆ. ವೆಂಕಟೇಶ್ ಅವರು ಹಿತ್ತಾಳೆ ವಾದ್ಯಗಳನ್ನೂ ಸ್ವಿಂಗ್ ಲಯವನ್ನೂ ಬಳಸಿದ ರೀತಿಯನ್ನು ಕಿವಿಗೊಟ್ಟು ಕೇಳಿ. ಆ ವಾದಕರು ಯಾರೆಂದು ಹುಡುಕಿ, ಅವರನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಚಿತ್ರಗೀತೆಗಳ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಉಪಯುಕ್ತ ಕೆಲಸ ಸದ್ಯ ಇನ್ನೊಂದಿಲ್ಲ.

ಮುದ್ರಿಕೆಗಳು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ದೂರದ ಊರುಗಳ ಕೇಳುಗರಿಗೆ ಆಸರೆಯಾದದ್ದು ಶಾರ್ಟ್‌ವೇವ್ ರೇಡಿಯೊ. ವಾಯ್ಸ್ ಆಫ್ ಅಮೆರಿಕದಲ್ಲಿ 1955ರಿಂದ ವಿಲ್ಲಿಸ್ ಕಾನೊವರ್ ನಡೆಸಿದ ಜಾಜ್ ಕಾರ್ಯಕ್ರಮ ಅಮೆರಿಕದ ಒಳಗೆ ಕೇಳಿಸುತ್ತಿರಲಿಲ್ಲ. ಜಗತ್ತಿನ ಉಳಿದ ಭಾಗಗಳಲ್ಲಿ ಮಾತ್ರ ಅದಕ್ಕೆ ನಿಷ್ಠಾವಂತ ಶ್ರೋತೃಗಳಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲೆಂದು ಅವರು ಬಿಡಿಸಿ ಬಿಡಿಸಿ ನಿಧಾನವಾಗಿ ಮಾತಾಡುತ್ತಿದ್ದರು. ಇಂದು ಅದೇ ಸಂಗೀತ ಫೋನಿನಲ್ಲಿ ಬೇಕೆಂದಾಗ ಸಿಗುತ್ತದೆ. ಸಿಗದೆ ಹೋದದ್ದು ಹಾಗೆ ಕೂತು ಕೇಳುವ ಹೊತ್ತು.

ಕರ್ನಾಟಕದವರು ಜಾಜ್‌ಗೆ ಬರಿಯ ಕೇಳುಗರಲ್ಲ ಎಂಬುದು ನಿಮಗೆ ತಿಳಿದಿರಬೇಕು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥ್ ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡರು. ಗಮಕಕ್ಕೆ ಒಗ್ಗದ ವಾದ್ಯವನ್ನು ಗಮಕಕ್ಕೆ ಒಗ್ಗಿಸಲು ಬಹಳ ವರ್ಷ ದುಡಿದರು. 1980ರ ಮುಂಬಯಿ ಜಾಜ್ ಉತ್ಸವದಲ್ಲಿ ಅವರ ವಾದನ ಕೇಳಿದ ಕ್ಯಾಲಿಫೋರ್ನಿಯಾದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. 1994ರಲ್ಲಿ ಕದ್ರಿಯವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇನ್ನೊಂದು ಕಥೆ. ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ, ಅದಾಗಲೇ ನಾಗಸ್ವರ ಕಲಿತಿದ್ದವರು, ಈ ತಂಡದೊಡನೆ ಸೇರಿ 1983ರಲ್ಲಿ ಜ್ಯೋತಿ ಎಂಬ ಆಲ್ಬಂ ಹೊರತಂದರು. ಅದರಲ್ಲಿ ಆರ್.ಎ. ರಮಾಮಣಿ ಅವರ ಕಂಠ ಸ್ಯಾಕ್ಸೋಫೋನಿಗೆ ಸರಿಸಮನಾಗಿ ನಿಲ್ಲುತ್ತದೆ. ಹಿಂದೆ ಮೃದಂಗ, ಘಟ, ಖಂಜಿರ.

ಕೊಲರಾಡೊದಲ್ಲಿ ಬೆಳೆದ ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ ಇಂದು ಅಮೆರಿಕದ ಮುಂಚೂಣಿಯ ಆಲ್ಟೊ ಸ್ಯಾಕ್ಸೋಫೋನ್ ವಾದಕರಲ್ಲಿ ಒಬ್ಬರು. ಅವರ 2004ರ ಮದರ್ ಟಂಗ್ ಆಲ್ಬಂನಲ್ಲಿ ಭಾರತೀಯ ಮೂಲದವರು ತಮ್ಮ ತಮ್ಮ ನುಡಿಗಳಲ್ಲಿ ಆಡಿದ ಮಾತಿನ ಏರಿಳಿತಗಳನ್ನೇ ಸ್ವರವಾಗಿಸಿ ಕೃತಿಗಳನ್ನು ಕಟ್ಟಿದ್ದಾರೆ. ಅವುಗಳಲ್ಲಿ ಒಂದರ ಹೆಸರು ಕನ್ನಡ. ವಿದ್ಯಾರ್ಥಿಯಾಗಿದ್ದಾಗ ಸಹೋದರ ತಮಾಷೆಗೆಂದು ತಂದುಕೊಟ್ಟ ಮುದ್ರಿಕೆಯಿಂದ ಅವರಿಗೆ ಕದ್ರಿಯವರ ಪರಿಚಯವಾಯಿತು. ಮುಂದೆ ಇಬ್ಬರೂ ಜೊತೆಗೂಡಿದರು. 2008ರ ಕಿನ್ಸ್‌ಮೆನ್ ಆಲ್ಬಂನಲ್ಲಿ ಎ. ಕನ್ಯಾಕುಮಾರಿ ಅವರ ಪಿಟೀಲೂ ಇದೆ. ಜಾಜ್ ನಮಗೆ ಸಂಬಂಧವಿಲ್ಲದ ಸಂಗೀತ ಎನ್ನುವವರಿಗೆ ಮೊದಲು ಇದನ್ನು ಕೇಳಿಸಬೇಕು.

ಇನ್ನು ಕೇಳುವ ಬಗೆ. ಜಾಜ್‌ನ ಚೌಕಟ್ಟು ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಬೇಗ ಹಿಡಿತಕ್ಕೆ ಸಿಗುತ್ತದೆ. ಮೊದಲು ಎಲ್ಲರೂ ಸೇರಿ ಧಾಟಿಯನ್ನು ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೇ ಅದರ ಮೇಲೆ ಮನೋಧರ್ಮ ನಡೆಸುತ್ತಾರೆ, ಕೊನೆಗೆ ಮತ್ತೆ ಧಾಟಿಗೆ ಬರುತ್ತಾರೆ. ಬ್ಲೂಸ್ ಎಂಬ ಸರಳ ಆಕಾರದಲ್ಲಿ ನಾಲ್ಕು ಎಣಿಕೆಯ ಹನ್ನೆರಡು ಘಟಕಗಳು, ಒಟ್ಟು 48 ಎಣಿಕೆ. ಆದಿತಾಳದ ಆರು ಆವರ್ತನದಷ್ಟು. ಆ ಸುತ್ತು ಮುಗಿದು ಮತ್ತೆ ಮೊದಲಾಗುವ ಜಾಗವನ್ನು ಕೈಯಲ್ಲಿ ಎಣಿಸಿ ಹಿಡಿಯಿರಿ. ಅದು ಸಿಕ್ಕಿತೆಂದರೆ ಅರ್ಧ ಗೊಂದಲ ತೀರಿತು. ವ್ಯತ್ಯಾಸವಿರುವುದು ಅಡಿಪಾಯದಲ್ಲಿ. ನಮ್ಮಲ್ಲಿ ಶ್ರುತಿ ಅಚಲ, ರಾಗ ಅದರ ಮೇಲೆ ಅರಳುತ್ತದೆ. ಜಾಜ್‌ನಲ್ಲಿ ಪಿಯಾನೊ ಅಥವಾ ಗಿಟಾರ್ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಅವರ ಭಾಷೆಯಲ್ಲಿ ಕಾರ್ಡ್‌ಗಳು, ಸುತ್ತಿನೊಳಗೆ ಬದಲಾಗುತ್ತಾ ಹೋಗುತ್ತವೆ. ವಾದಕ ಆ ಬದಲಾವಣೆಯನ್ನು ನೆನಪಿನಲ್ಲಿಟ್ಟುಕೊಂಡೇ ಹೊಸ ಧಾಟಿ ಹೆಣೆಯಬೇಕು. ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯದತ್ತ ಕಿವಿಯಿಟ್ಟರೆ ಆ ದಾರಿ ಸ್ಪಷ್ಟವಾಗುತ್ತದೆ. ಕೊನೆಯ ಸುತ್ತುಗಳಲ್ಲಿ ಸ್ಯಾಕ್ಸೋಫೋನೂ ಡ್ರಮ್ಸೂ ನಾಲ್ಕು ನಾಲ್ಕು ಘಟಕಗಳನ್ನು ಸರದಿಯಂತೆ ಹಂಚಿಕೊಳ್ಳುವುದುಂಟು. ತನಿ ಆವರ್ತನದಲ್ಲಿ ಮೃದಂಗ ಘಟಗಳ ಸವಾಲು ಜವಾಬು ಕೇಳಿದವರಿಗೆ ಅದು ಹೊಸದೆನಿಸದು.

ಮೊದಲ ಕೇಳ್ಮೆಗೆ ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ ಒಳ್ಳೆಯದು. 1959ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಎರಡು ದಿನಗಳಲ್ಲಿ ಮುದ್ರಣವಾದದ್ದು. ಅದರ ಮೊದಲ ಕೃತಿ ಸೋ ವಾಟ್ ನಿಂತಿರುವ ಸ್ವರಶ್ರೇಣಿ ನಮ್ಮ ಖರಹರಪ್ರಿಯದ್ದೇ. ಹದಿನಾರು ಘಟಕ ಅದೇ ಶ್ರೇಣಿ, ಆಮೇಲೆ ಎಂಟು ಘಟಕ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಘಟಕ ಮೊದಲಿನ ನೆಲೆಗೆ. ಸ್ಯಾಕ್ಸೋಫೋನ್ ವಾದಕರಾದ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ ಒಬ್ಬರ ನಂತರ ಒಬ್ಬರು ನುಡಿಸುವಾಗ ಒಂದೇ ಸಾಮಗ್ರಿಯಿಂದ ಎಷ್ಟು ಬೇರೆ ಮನಸ್ಸುಗಳು ಹೊಮ್ಮುತ್ತವೆಂದು ನೋಡಿ. ಅದೇ ವರ್ಷದ್ದು ಪಿಯಾನೊ ವಾದಕ ಡೇವ್ ಬ್ರೂಬೆಕ್ ತಂಡದ ಟೇಕ್ ಫೈವ್. ಪಾಲ್ ಡೆಸ್ಮಂಡ್ ರಚಿಸಿದ ಐದೆಣಿಕೆಯ ಕೃತಿ. ಖಂಡಚಾಪುವಿನ ಎರಡು ಮೂರು ಇಲ್ಲಿ ಮೂರು ಎರಡಾಗಿದೆ. ಹಿಂದಿನ ವರ್ಷ ಬ್ರೂಬೆಕ್ ತಂಡ ಭಾರತಕ್ಕೆ ಬಂದಿತ್ತು; ಮುಂಬಯಿಯಲ್ಲಿ ಸಿತಾರ್ ವಾದಕ ಅಬ್ದುಲ್ ಹಲೀಮ್ ಜಾಫರ್ ಖಾನರ ಜೊತೆ ಬ್ರೂಬೆಕ್ ನುಡಿಸಿದ್ದರು. ಮೂರನೆಯದಾಗಿ, ಸ್ಯಾಕ್ಸೋಫೋನ್ ವಾದಕ ಕೋಲ್‌ಮನ್ ಹಾಕಿನ್ಸ್ 1939ರಲ್ಲಿ ಮುದ್ರಿಸಿದ ಬಾಡಿ ಅಂಡ್ ಸೋಲ್. ಮೂಲ ಧಾಟಿಯನ್ನು ಅವರು ಆರಂಭದಲ್ಲಿ ಒಂದಿಷ್ಟು ಸೂಚಿಸಿ ಬಿಟ್ಟುಬಿಡುತ್ತಾರೆ; ಮುಂದಿನದೆಲ್ಲ ಆ ಗಳಿಗೆಯ ಸೃಷ್ಟಿ. ಇದನ್ನು ಬೇರೆ ಬೇರೆ ವಾದಕರ ಕೈಯಲ್ಲಿ ಹೋಲಿಸಿ ಕೇಳುವುದು ನೂರು ಆಲ್ಬಂಗಳ ಪಟ್ಟಿ ಮುಗಿಸುವುದಕ್ಕಿಂತ ಹೆಚ್ಚು ಕಲಿಸುತ್ತದೆ.

ನೇರ ಕಛೇರಿಗಳ ಬಗ್ಗೆ ಕಳಕಳಿಯ ಮನವಿಯಿದೆ. ಬೆಂಗಳೂರಿನ ಕಾರ್ಯಕ್ರಮಗಳಲ್ಲಿ ಪದೇ ಪದೇ ಕಾಣುವ ನೋಟವೊಂದುಂಟು: ಟ್ರಂಪೆಟ್ ಜೋರಾಗಿರುವಾಗ ಎಲ್ಲರೂ ಕೇಳುತ್ತಾರೆ, ಬೇಸ್ ವಾದಕರ ಸರದಿ ಬಂದೊಡನೆ ಮೇಜುಗಳಲ್ಲಿ ಮಾತು ಏಳುತ್ತದೆ. ಮೆಲುದನಿಯ ವಾದ್ಯಕ್ಕೆ ಮೌನ ಬೇಕು. ದಯವಿಟ್ಟು ಆ ಎರಡು ನಿಮಿಷ ಸುಮ್ಮನಿರಿ. ಒಬ್ಬರ ಏಕವಾದನ ಮುಗಿದಾಗ, ಕೃತಿ ಇನ್ನೂ ನಡೆಯುತ್ತಿದ್ದರೂ, ಚಪ್ಪಾಳೆ ತಟ್ಟುವುದು ಅಲ್ಲಿನ ಪದ್ಧತಿ, ಸಂಕೋಚಪಡಬೇಡಿ. ಟಿಕೆಟ್ ಇದ್ದರೆ ಕೊಂಡು ಹೋಗಿ. ಟಿಕೆಟ್ ಇಲ್ಲದ ಕಡೆ ವಾದಕರ ಮುದ್ರಿಕೆಯನ್ನಾದರೂ ಹಣ ಕೊಟ್ಟು ತೆಗೆದುಕೊಳ್ಳಿ. ಕಾರ್ಯಕ್ರಮದ ವಿಷಯ ಗೆಳೆಯರಿಗೆ ತಿಳಿಸುವಾಗ ಮುಂದೆ ನಿಂತು ಹಾಡಿದವರ ಹೆಸರಷ್ಟೇ ಅಲ್ಲ, ಡ್ರಮ್ಸ್ ಮತ್ತು ಬೇಸ್ ನುಡಿಸಿದವರ ಹೆಸರನ್ನೂ ಬರೆಯಿರಿ. ಒಬ್ಬರೇ ಇಯರ್‌ಫೋನ್ ಹಾಕಿ ಕೇಳುವುದರ ಜೊತೆಗೆ ನಾಲ್ಕು ಜನ ಕೂಡಿ ಒಂದು ಆಲ್ಬಂ ಪೂರ್ತಿ ಕೇಳುವ ರೂಢಿ ಮಾಡಿಕೊಳ್ಳಿ. ಪಂದ್ಯವನ್ನು ಗೆಳೆಯರ ಜೊತೆ ನೋಡುವ ನಿಮಗೆ ಇದು ಹೊರೆಯಾಗದು.

ಯುನೆಸ್ಕೊ ಘೋಷಿಸಿದ ಅಂತಾರಾಷ್ಟ್ರೀಯ ಜಾಜ್ ದಿನ 2012ರಿಂದ ಪ್ರತಿ ವರ್ಷ ಏಪ್ರಿಲ್ 30ರಂದು ನಡೆಯುತ್ತಿದೆ. ನಿಮ್ಮ ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಊರಿನ ಗ್ರಂಥಾಲಯದಲ್ಲಿ ಆ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಭಾಷಣ ಬೇಡ. ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ ಅವರ ಕಿನ್ಸ್‌ಮೆನ್, ಮರಿಯಾನೊ ಮತ್ತು ರಮಾಮಣಿ ಅವರ ಜ್ಯೋತಿ, ಇವುಗಳಿಂದ ಒಂದೊಂದು ಕೃತಿ, ಆಮೇಲೆ ಸೋ ವಾಟ್. ಸಂಗೀತ ಕಲಿಯುತ್ತಿರುವವರು ನಿಮ್ಮಲ್ಲಿದ್ದರೆ ಖರಹರಪ್ರಿಯದ ಆರೋಹಣ ಅವರೋಹಣ ಹಾಡಿ ತೋರಿಸಲು ಅವರನ್ನು ಕೇಳಿಕೊಳ್ಳಿ. ಕ್ರಿಕೆಟ್ ಆಡಿ ದಣಿದು ಬಂದ ಹುಡುಗ ಹುಡುಗಿಯರನ್ನೂ ತಪ್ಪದೆ ಕರೆಯಿರಿ.

ಇತಿ ತಮ್ಮ ವಿಶ್ವಾಸಿ,
ಜಾಜ್ ರಸಿಕನೊಬ್ಬ
ಬೆಂಗಳೂರು